ಒಕುಯಿಜೊಮೆ: ಮಗುವಿನ ನೂರನೇ ದಿನದ ಊಟದ ಶಾಸ್ತ್ರವನ್ನು ಮನೆಯಲ್ಲೇ ಮಾಡುವುದು ಹೇಗೆ

ಜಪಾನಿನಲ್ಲಿ ಮಗು ಹುಟ್ಟಿ ನೂರು ದಿನವಾಗುವ ಹೊತ್ತಿಗೆ ಅದರ ಮುಂದೆ ಒಂದು ಪೂರ್ತಿ ಊಟ ಬಡಿಸುತ್ತಾರೆ. ಕೆಂಪು ಅನ್ನ, ತಲೆ ಬಾಲ ಸಮೇತ ಸುಟ್ಟ ಮೀನು, ತಿಳಿಸಾರು, ಬೇಯಿಸಿದ ತರಕಾರಿ, ಉಪ್ಪಿನಕಾಯಿ. ಪಕ್ಕದಲ್ಲಿ ಒಂದು ಪುಟ್ಟ ಕಲ್ಲು. ಮಗು ಇದರಲ್ಲಿ ಒಂದು ಅಗುಳನ್ನೂ ತಿನ್ನುವುದಿಲ್ಲ. ಮನೆಯ ಹಿರಿಯರೊಬ್ಬರು ಚಾಪ್‌ಸ್ಟಿಕ್‌ನಲ್ಲಿ ಒಂದೊಂದನ್ನೇ ಎತ್ತಿ, ತುಟಿಯ ಹತ್ತಿರ ತಂದು, ಉಣ್ಣಿಸಿದ ಹಾಗೆ ಮಾಡುತ್ತಾರೆ. ಈ ಮಗುವಿಗೆ ಜೀವನಪೂರ್ತಿ ಊಟಕ್ಕೆ ಕೊರತೆ ಬಾರದಿರಲಿ ಎಂಬುದು ಹಾರೈಕೆ. ಇದೇ ಒಕುಯಿಜೊಮೆ. ಕುಯಿ ಎಂದರೆ ತಿನ್ನುವುದು, ಜೊಮೆ ಎಂದರೆ ಮೊದಲ ಸಲ ಮಾಡುವುದು. ನೂರು ದಿನದ ಹಬ್ಬ ಎನ್ನುವ ಅರ್ಥದಲ್ಲಿ ಮೊಮೊಕಾ ಇವಾಯ್ ಎಂದೂ ಕರೆಯುತ್ತಾರೆ.

ನಾನು ಮಲೆನಾಡಿನವಳು. ಮದುವೆಯಾಗಿ ಬಂದು ಸೇರಿದ್ದು ಒಸಾಕಾ. ಮಗನಿಗೆ ಒಮ್ಮೆ, ಮಗಳಿಗೆ ಒಮ್ಮೆ, ಎರಡು ಸಲ ಈ ಶಾಸ್ತ್ರವನ್ನು ಮನೆಯಲ್ಲೇ ಮಾಡಿದ್ದೇವೆ. ಇಲ್ಲಿರುವ ಕನ್ನಡದ ಗೆಳತಿಯರು "ಇದು ನಮ್ಮ ಅನ್ನಪ್ರಾಶನದ ಥರಾನೇ ಅಲ್ವಾ?" ಎಂದು ಕೇಳುತ್ತಿರುತ್ತಾರೆ. ಹೌದು, ತುಂಬಾ ಹತ್ತಿರ. ಆದರೆ ಅನ್ನಪ್ರಾಶನದಲ್ಲಿ ಆರು ತಿಂಗಳ ಆಸುಪಾಸಿನ ಮಗುವಿನ ನಾಲಿಗೆಗೆ ನಿಜವಾಗಿ ಅನ್ನ, ಪಾಯಸ ತಾಗಿಸುತ್ತೇವೆ. ಒಕುಯಿಜೊಮೆಯ ಮಗುವಿಗೆ ಮೂರೂ ಕಾಲು ತಿಂಗಳು ಅಷ್ಟೇ. ಅದು ಇನ್ನೂ ಹಾಲು ಬಿಟ್ಟು ಬೇರೆ ಏನನ್ನೂ ತಿನ್ನುವ ವಯಸ್ಸಲ್ಲ. ಹಾಗಾಗಿ ಇದನ್ನು ಉಣ್ಣಿಸುವ ಶಾಸ್ತ್ರ ಎನ್ನುವುದಕ್ಕಿಂತ, ಮಗುವನ್ನು ಮನೆಯ ಪಂಕ್ತಿಗೆ ಸೇರಿಸಿಕೊಳ್ಳುವ ಶಾಸ್ತ್ರ ಎಂದುಕೊಂಡರೆ ಎಲ್ಲ ತಯಾರಿಯೂ ಸುಲಭವಾಗುತ್ತದೆ.

ಈ ಪದ್ಧತಿಯ ಬೇರು ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. ಹೇಯಾನ್ ಕಾಲದ ಅರಮನೆಯಲ್ಲಿ ಮಗುವಿನ 50ನೇ ಮತ್ತು 100ನೇ ದಿನ ಬಾಯಿಗೆ ಮೋಚಿ, ಅಂದರೆ ಅಂಟಕ್ಕಿಯ ಉಂಡೆ, ತಾಗಿಸುತ್ತಿದ್ದರು. 1008ರಲ್ಲಿ ರಾಣಿ ಶೋಶಿಯ ಮಗ ಅತ್ಸುಹಿರಾನ 50ನೇ ದಿನ ನಡೆದುದನ್ನು ಆ ರಾಣಿಯ ಸೇವೆಯಲ್ಲಿದ್ದ ಲೇಖಕಿ ಮುರಸಾಕಿ ಶಿಕಿಬು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಮಗುವಿನ ಪುಟ್ಟ ಮಣೆ, ಪುಟ್ಟ ತಟ್ಟೆಗಳು ಗೊಂಬೆಯಾಟದ ಸಾಮಾನಿನಂತೆ ಕಂಡವಂತೆ. ಮೋಚಿ ತಿನ್ನಿಸಿದ್ದು ಮಗುವಿನ ತಾಯಿಯ ತಂದೆ, ಆ ಕಾಲದಲ್ಲಿ ಆಡಳಿತವೆಲ್ಲ ಯಾರ ಕೈಯಲ್ಲಿತ್ತೋ ಆ ಫುಜಿವಾರಾ ನೊ ಮಿಚಿನಾಗ. ಅಷ್ಟು ದೊಡ್ಡ ಮನುಷ್ಯನೂ ಆ ದಿನ ಮೊಮ್ಮಗನ ಮುಂದೆ ಕೂತ ಅಜ್ಜನೇ ಆಗಿದ್ದ. ಮುಂದೆ ಮೋಚಿಯ ಜಾಗಕ್ಕೆ ಅನ್ನ, ಮೀನು ಬಂದವು.

ದಿನ ಗೊತ್ತು ಮಾಡುವುದು

ಹುಟ್ಟಿದ ದಿನವನ್ನೇ ಒಂದು ಎಂದು ಎಣಿಸಿ. ಜನವರಿ 1ಕ್ಕೆ ಹುಟ್ಟಿದ ಮಗುವಿಗೆ 100ನೇ ದಿನ ಏಪ್ರಿಲ್ 10, ಅಧಿಕ ವರ್ಷವಾದರೆ ಏಪ್ರಿಲ್ 9. ಅದೇ ದಿನ ಆಗಬೇಕೆಂಬ ಕಟ್ಟುನಿಟ್ಟು ಇಲ್ಲ. ಊರೂರಿಗೆ ಬೇರೆ ಬೇರೆ. ನಮ್ಮ ಕಡೆ, ಅಂದರೆ ಒಸಾಕಾ, ಕ್ಯೋಟೊ ಇರುವ ಕನ್ಸಾಯ್ ಭಾಗದಲ್ಲಿ, 120ನೇ ದಿನ ಮಾಡುವವರೂ ಇದ್ದಾರೆ. ಸ್ವಲ್ಪ ತಡವಾಗಿ ಮಾಡಿದರೆ ಆಯುಸ್ಸು ಜಾಸ್ತಿ ಎಂಬ ನಂಬಿಕೆಯೂ ಇದೆ. ಇದನ್ನು ಕುಯಿನೊಬಶಿ ಎನ್ನುತ್ತಾರೆ. ಹಾಗಾಗಿ ಮಗುವಿಗೆ ನೆಗಡಿ ಬಂತು, ಇಲ್ಲವೇ ಊರಿನಿಂದ ಬರುವ ಅಮ್ಮನ ವೀಸಾ ತಡವಾಯಿತು ಎಂದರೆ ಚಿಂತೆ ಮಾಡದೆ ಮುಂದೆ ಹಾಕಿ.

ಹಿರಿಯರಿದ್ದರೆ ರೊಕುಯೊ ನೋಡುತ್ತಾರೆ. ಇದು ಕ್ಯಾಲೆಂಡರಿನಲ್ಲಿ ಬರುವ ಆರು ದಿನಗಳ ಸುತ್ತು. ಅದರಲ್ಲಿ ತಾಯಾನ್ ಒಳ್ಳೆಯ ದಿನ, ಬುತ್ಸುಮೆತ್ಸು ಬೇಡದ ದಿನ. ಪಂಚಾಂಗ ನೋಡಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅತ್ತೆ ಮಾವನನ್ನು ಒಂದು ಮಾತು ಕೇಳಿಬಿಡಿ, ಸಾಕು.

ದಿನಕ್ಕಿಂತ ಹೊತ್ತು ಮುಖ್ಯ. ಈ ವಯಸ್ಸಿನ ಮಗು ನಿದ್ದೆ ಮುಗಿಸಿ, ಹಾಲು ಕುಡಿದು, ಅರ್ಧ ಗಂಟೆ ಕಳೆದ ಮೇಲೆ ಒಳ್ಳೆ ಮೂಡಿನಲ್ಲಿರುತ್ತದೆ. ಆ ಹೊತ್ತು ಬೆಳಿಗ್ಗೆ 11 ಗಂಟೆಯೋ, ಮಧ್ಯಾಹ್ನ 1 ಗಂಟೆಯೋ ಎಂದು ಒಂದು ವಾರ ಮೊದಲೇ ಗಮನಿಸಿ ಬರೆದಿಟ್ಟುಕೊಳ್ಳಿ. ಮಗನ ಸಲ ನಾವು ನೆಂಟರ ರೈಲಿನ ಸಮಯ ನೋಡಿ ಮುಹೂರ್ತ ಇಟ್ಟೆವು. ಅವನು ಮೊದಲ ತುತ್ತಿನಿಂದ ಕೊನೆಯವರೆಗೂ ಅತ್ತ. ಮಗಳ ಸಲ ಅವಳ ನಿದ್ದೆ ನೋಡಿ ಇಟ್ಟೆವು. ಎಲ್ಲರ ಮುಖವನ್ನೂ ಕಣ್ಣರಳಿಸಿ ನೋಡುತ್ತಾ ಕೂತಿದ್ದಳು.

ಉಣ್ಣಿಸುವವರು ಯಾರು

ಇದನ್ನು ಮೊದಲೇ ತೀರ್ಮಾನಿಸಿ. ಉಣ್ಣಿಸುವವರಿಗೆ ಯಶಿನಾಯಿ ಓಯ ಎಂದು ಹೆಸರು. ಸಾಕುವ ತಂದೆ ತಾಯಿ ಎಂದು ಅರ್ಥ. ಬಂದ ನೆಂಟರಲ್ಲಿ ಎಲ್ಲರಿಗಿಂತ ಹಿರಿಯರು ಇದನ್ನು ಮಾಡುತ್ತಾರೆ. ಗಂಡುಮಗುವಿಗೆ ಗಂಡಸರು, ಹೆಣ್ಣುಮಗುವಿಗೆ ಹೆಂಗಸರು. ಅವರ ದೀರ್ಘಾಯುಸ್ಸು ಮಗುವಿಗೂ ಬರಲಿ ಎಂಬುದು ಇದರ ಹಿಂದಿನ ಆಸೆ.

ನನ್ನ ಮಗಳಿಗೆ ಉಣ್ಣಿಸಿದ್ದು ಗಂಡನ ಅಜ್ಜಿ. ಆಗ ಅವರಿಗೆ 88 ವರ್ಷ, ಕೈ ಸ್ವಲ್ಪ ನಡುಗುತ್ತಿತ್ತು. ಚಾಪ್‌ಸ್ಟಿಕ್ ಮಗುವಿನ ಕಣ್ಣಿಗೆ ತಾಗಿದರೆ ಎಂದು ನನಗೆ ಭಯ. ಅತ್ತೆ ಏನೂ ಹೇಳದೆ ಹೋಗಿ, ಅಜ್ಜಿಯ ಕೈಯ ಕೆಳಗೆ ತಮ್ಮ ಕೈ ಇಟ್ಟರು. ಎರಡು ತಲೆಮಾರಿನ ಕೈಗಳು ಒಂದರ ಮೇಲೊಂದು. ಹಿರಿಯರು ಅಶಕ್ತರಾಗಿದ್ದರೆ ನೀವೂ ಹೀಗೇ ಮಾಡಿ. ಅವರನ್ನು ಬಿಟ್ಟು ಬೇರೆಯವರಿಗೆ ಕೊಡಬೇಡಿ.

ಈಗ ಎಷ್ಟೋ ಮನೆಗಳಲ್ಲಿ ಅಜ್ಜ, ಅಜ್ಜಿ, ಅಪ್ಪ, ಅಮ್ಮ ಸರದಿಯಲ್ಲಿ ಉಣ್ಣಿಸುತ್ತಾರೆ. ಊರಿನಿಂದ ನಿಮ್ಮ ಅಮ್ಮ ಬಂದಿದ್ದರೆ ಮೊದಲ ಸುತ್ತು ಹಿರಿಯರಿಗೆ, ಎರಡನೆಯದು ಅಮ್ಮನಿಗೆ ಎಂದು ಹಂಚಬಹುದು. ನಾವು ಹಾಗೇ ಮಾಡಿದೆವು.

ಬಟ್ಟಲು, ಚಾಪ್‌ಸ್ಟಿಕ್

ಸಂಪ್ರದಾಯದಲ್ಲಿ ಅರಗಿನ ಹೊಳಪು ಕೊಟ್ಟ ಮರದ ಬಟ್ಟಲುಗಳನ್ನು ಪುಟ್ಟ ಮಣೆಯ ಮೇಲೆ ಇಡುತ್ತಾರೆ. ಗಂಡುಮಗುವಿಗೆ ಒಳಗೂ ಹೊರಗೂ ಕೆಂಪು. ಹೆಣ್ಣುಮಗುವಿಗೆ ಹೊರಗೆ ಕಪ್ಪು, ಒಳಗೆ ಕೆಂಪು. ಇದನ್ನು ತಾಯಿಯ ತವರಿನವರು ಉಡುಗೊರೆಯಾಗಿ ಕೊಡುವ ವಾಡಿಕೆ ಇತ್ತು. ತವರು ಮೊದಲ ತೊಟ್ಟಿಲು ಕೊಡುವ ನಮ್ಮ ಪದ್ಧತಿ ನೆನಪಾಗಲಿಲ್ಲವಾ? ಈಗ ಬಾಡಿಗೆಗೂ ಸಿಗುತ್ತದೆ. ಮನೆಯಲ್ಲಿರುವ ಚಂದದ ಬಟ್ಟಲುಗಳೂ ನಡೆಯುತ್ತವೆ. ದುಡ್ಡನ್ನು ಇಲ್ಲಿ ಸುರಿಯಬೇಕಿಲ್ಲ.

ಚಾಪ್‌ಸ್ಟಿಕ್ ಮಾತ್ರ ಹೊಸದಿರಲಿ. ಹಬ್ಬದ ಚಾಪ್‌ಸ್ಟಿಕ್‌ಗೆ ಇವಾಯ್‌ಬಶಿ ಎನ್ನುತ್ತಾರೆ. ಸುಲಭವಾಗಿ ಮುರಿಯದ ಯಾನಗಿ ಮರದಲ್ಲಿ ಮಾಡಿರುತ್ತಾರೆ. ನಡುವೆ ದಪ್ಪ, ಎರಡೂ ತುದಿ ಚೂಪು. ಒಂದು ತುದಿ ದೇವರದು, ಇನ್ನೊಂದು ಮನುಷ್ಯರದು. ಒಂದೇ ಚಾಪ್‌ಸ್ಟಿಕ್‌ನಲ್ಲಿ ದೇವರೂ ನಾವೂ ಒಟ್ಟಿಗೆ ಉಣ್ಣುವುದು! 100 ಯೆನ್ ಅಂಗಡಿಯಲ್ಲೂ ಸಿಗುತ್ತವೆ. ಹೊಸ ವರ್ಷದ ಸಮಯದಲ್ಲಿ ಎಲ್ಲೆಡೆ ಇರುತ್ತವೆ, ಬೇರೆ ತಿಂಗಳಲ್ಲಿ ಹುಡುಕಬೇಕು. ಕಂಡಾಗಲೇ ಕೊಂಡಿಟ್ಟುಕೊಳ್ಳಿ.

ಕಲ್ಲು ತರುವುದು

ಕಲ್ಲಿನ ಭಾಗಕ್ಕೆ ಹಗತಮೆ ಎಂದು ಹೆಸರು, ಅಂದರೆ ಹಲ್ಲು ಗಟ್ಟಿ ಮಾಡುವುದು. ಕಲ್ಲಿನಷ್ಟು ಗಟ್ಟಿ ಹಲ್ಲು ಬರಲಿ, ಹಲ್ಲು ಗಟ್ಟಿಯಿದ್ದರೆ ಆಯುಸ್ಸೂ ಗಟ್ಟಿ ಎಂಬ ನಂಬಿಕೆ.

ಮಗುವನ್ನು ತಿಂಗಳಾದಾಗ ಕರೆದುಕೊಂಡು ಹೋಗಿದ್ದ ಶಿಂತೋ ಗುಡಿಯ ಅಂಗಳದಿಂದ ಈ ಕಲ್ಲನ್ನು ತರುವುದು ರೂಢಿ. ಕೆಲವು ಗುಡಿಗಳಲ್ಲಿ ಅವರೇ ಕೊಡುತ್ತಾರೆ. ಇಲ್ಲದಿದ್ದರೆ ಗುಡಿಯವರನ್ನು ಕೇಳಿ ತನ್ನಿ. ನದಿಯ ದಂಡೆಯ ಕಲ್ಲನ್ನೂ ಇಡುತ್ತಾರೆ. ನುಣುಪಾಗಿರಬೇಕು, ಚೂರು ಏಳುವಂಥದ್ದು ಬೇಡ. ಗಾತ್ರ ಮಗುವಿನ ಬಾಯಿಗಿಂತ ದೊಡ್ಡದಿರಲಿ. ಮನೆಯಲ್ಲಿ ದೊಡ್ಡ ಮಕ್ಕಳಿದ್ದರೆ ಈ ಮಾತು ಇನ್ನೂ ಮುಖ್ಯ. ಚೆನ್ನಾಗಿ ತೊಳೆದು, ನೀರಿನಲ್ಲಿ ಕುದಿಸಿ, ಪೂರ್ತಿ ಒಣಗಿಸಿ ಬಿಳಿ ಬಟ್ಟೆಯಲ್ಲಿ ಇಡಿ. ಇದು ಎರವಲು ತಂದ ಕಲ್ಲು, ವಾಪಸ್ ಕೊಡಬೇಕು.

ಒಸಾಕಾದ ಕಡೆ ಕಲ್ಲಿನ ಜೊತೆಗೋ ಬದಲಿಗೋ ಬೇಯಿಸಿದ ಆಕ್ಟೋಪಸ್ ಇಡುತ್ತಾರೆ. ಅಗಿಯಲು ಗಟ್ಟಿ ಎಂಬುದು ಒಂದು ಕಾರಣ. ಅದರ ಹೆಸರು ತಾಕೊ. ಅದನ್ನೇ "ತುಂಬಾ ಸುಖ" ಎನ್ನುವ ಅರ್ಥದ ಅಕ್ಷರಗಳಲ್ಲೂ ಬರೆಯಬಹುದು ಎಂಬುದು ಇನ್ನೊಂದು. ಉಮೆಬೊಶಿ ಎಂಬ ಉಪ್ಪು ಹಾಕಿದ ಹುಳಿ ಹಣ್ಣನ್ನೂ ಇಡುತ್ತಾರೆ, ಅದರ ಹಾಗೆ ಮೈ ಸುಕ್ಕುಗಟ್ಟುವವರೆಗೆ ಬಾಳಲಿ ಎಂದು.

ಅಡುಗೆ

ಊಟದ ಕಟ್ಟು ಇಚಿಜು ಸನ್ಸಾಯ್, ಅಂದರೆ ಒಂದು ಸಾರು, ಮೂರು ಪದಾರ್ಥ. ಇದರೊಂದಿಗೆ ಅನ್ನ. ಎಲ್ಲವನ್ನೂ ಪೊಟ್ಟಣದಲ್ಲಿ ತರಿಸಬಹುದು. ಒಕುಯಿಜೊಮೆ ಸೆಟ್ ಎಂದು ಕೇಳಿದರೆ ಮೀನು, ಅನ್ನ, ಸಾರು, ಕಲ್ಲು ಸಹಿತ ಮನೆಗೆ ಬರುತ್ತದೆ. ಬಾಣಂತನದಲ್ಲಿ ಸುಸ್ತಾಗಿರುವ ತಾಯಿ ಅದನ್ನು ತರಿಸಿದರೆ ಏನೂ ಕಡಿಮೆಯಾಗುವುದಿಲ್ಲ. ಅಡುಗೆ ಮಾಡುವ ಕೈಗಳು ಮನೆಯಲ್ಲಿದ್ದರೆ ಮಾತ್ರ ಕೆಳಗಿನದನ್ನು ಓದಿ.

ಮೊದಲು ಕೆಂಪು ಅನ್ನ, ಸೆಕಿಹಾನ್. ಅಂಟಕ್ಕಿಗೆ ಅಜುಕಿ ಕಾಳು ಹಾಕುತ್ತಾರೆ. ಟೋಕಿಯೊ ಕಡೆ ಸಸಾಗೆ ಎಂಬ ಕಾಳು ಹಾಕುತ್ತಾರೆ. ಬೇಯುವಾಗ ಅಜುಕಿಯ ಹೊಟ್ಟೆ ಸೀಳುತ್ತದೆ. ಸಮುರಾಯ್‌ಗಳ ಊರಿನಲ್ಲಿ ಅದು ಹೊಟ್ಟೆ ಸೀಳಿಕೊಂಡು ಸಾಯುವುದನ್ನು ನೆನಪಿಸುತ್ತಿತ್ತು, ಅದಕ್ಕೇ ಬಿಟ್ಟರು ಎನ್ನುತ್ತಾರೆ. ಸಸಾಗೆ ಬೇರೇನೂ ಅಲ್ಲ, ನಮ್ಮ ಅಲಸಂದೆಯ ಜಾತಿಯೇ. ಅಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಅಯ್ಯೋ, ಇದು ನಮ್ಮ ಹಿತ್ತಲಿನದಲ್ವಾ!" ಎಂದರು.

1. 50 ಗ್ರಾಂ ಕಾಳನ್ನು ನೀರಿನಲ್ಲಿ ಎರಡು ಮೂರು ನಿಮಿಷ ಕುದಿಸಿ, ಆ ನೀರು ಚೆಲ್ಲಿ. ಇದರಿಂದ ಒಗರು ಹೋಗುತ್ತದೆ.
2. ಹೊಸ ನೀರು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಕಾಳು ಬೆರಳಿಗೆ ಇನ್ನೂ ಸ್ವಲ್ಪ ಗಟ್ಟಿ ಎನ್ನಿಸುವಾಗಲೇ ಇಳಿಸಿ. ಪೂರ್ತಿ ಬೇಯಿಸಿದರೆ ಆಮೇಲೆ ಒಡೆದು ಹೋಗುತ್ತದೆ.
3. ಕೆಂಪು ನೀರನ್ನು ಬಸಿದು ಇಟ್ಟುಕೊಳ್ಳಿ. ಸೌಟಿನಲ್ಲಿ ಎತ್ತಿ ಎತ್ತಿ ಸುರಿಯಿರಿ. ಗಾಳಿ ತಾಗಿದಷ್ಟೂ ಬಣ್ಣ ಏರುತ್ತದೆ.
4. 300 ಗ್ರಾಂ ಅಂಟಕ್ಕಿ ತೊಳೆದು, ಆರಿದ ಕೆಂಪು ನೀರಿನಲ್ಲಿ ಕನಿಷ್ಠ ಎರಡು ಗಂಟೆ ನೆನೆಸಿ. ಹಿಂದಿನ ರಾತ್ರಿಯೇ ನೆನೆಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಒಂದು ಕೆಲಸ ಕಡಿಮೆ.
5. ನೀರು ಬಸಿದು, ಕಾಳು ಬೆರೆಸಿ, ಒದ್ದೆ ಬಟ್ಟೆ ಹಾಸಿದ ಪಾತ್ರೆಯಲ್ಲಿ ಹಬೆಗೆ ಇಡಿ. ನಾನು ಊರಿನಿಂದ ತಂದ ಇಡ್ಲಿ ಪಾತ್ರೆಯಲ್ಲೇ ಮಾಡುತ್ತೇನೆ. 35ರಿಂದ 40 ನಿಮಿಷ ಬೇಕು. ನಡುವೆ ಎರಡು ಸಲ ಮಿಕ್ಕ ಕೆಂಪು ನೀರನ್ನು ಮೇಲೆ ಚಿಮುಕಿಸಿ.
6. ಬಡಿಸುವಾಗ ಹುರಿದ ಕರಿ ಎಳ್ಳು, ಉಪ್ಪು ಉದುರಿಸಿ.

ಇನ್ನು ಮೀನು. ತಾಯ್ ಎಂಬ ಗುಲಾಬಿ ಕೆಂಪು ಬಣ್ಣದ ಸಮುದ್ರದ ಮೀನೇ ಆಗಬೇಕು. ಜಪಾನೀ ಭಾಷೆಯಲ್ಲಿ ಮಂಗಳಕರ ಎನ್ನುವುದಕ್ಕೆ ಮೆದೆತಾಯ್ ಎನ್ನುತ್ತಾರೆ. ಆ ಪದದ ಕೊನೆಯಲ್ಲಿ ಈ ಮೀನಿನ ಹೆಸರು ಕೇಳುತ್ತದೆ. ನನ್ನ ಕಿವಿಗೆ ಅದು ಬೇರೆ ಥರ ಕೇಳುತ್ತದೆ. ಮಗುವಿನ ಊಟದ ನಡುವೆ ತಾಯ್ ಎಂಬ ಸದ್ದು ಕೇಳಿದಾಗಲೆಲ್ಲ ನನಗೆ ಅಮ್ಮನೇ ನೆನಪಾಗುವುದು.

ಮೂರು ನಾಲ್ಕು ದಿನ ಮೊದಲೇ ಮೀನಿನ ಅಂಗಡಿಯಲ್ಲಿ ಹೇಳಿಡಿ. ಒಕುಯಿಜೊಮೆಗೆ ಎಂದರೆ ಅವರಿಗೆ ಗೊತ್ತಾಗುತ್ತದೆ. ಮೈಮೇಲಿನ ಹುರುಪೆ ತೆಗೆದು, ಹೊಟ್ಟೆ ಸ್ವಚ್ಛ ಮಾಡಿ, ತಲೆ ಬಾಲ ರೆಕ್ಕೆ ಹಾಗೇ ಉಳಿಸಿ ಕೊಡುತ್ತಾರೆ. ತಲೆ ಎಡಕ್ಕೆ, ಹೊಟ್ಟೆ ನಮ್ಮ ಕಡೆಗೆ ಬರುವಂತೆ ಬಡಿಸುವುದು ಕ್ರಮ. ಹಾಗಾಗಿ ಕೊಯ್ದ ಗುರುತು ತಟ್ಟೆಗೆ ತಾಗುವ ಬದಿಯಲ್ಲಿರಬೇಕು. ಇದನ್ನೂ ಅಂಗಡಿಯಲ್ಲೇ ಹೇಳಿ. ಉದ್ದ 20ರಿಂದ 25 ಸೆಂಟಿಮೀಟರ್ ಸಾಕು. ಕೊಳ್ಳುವ ಮೊದಲು ನಿಮ್ಮ ಓವನ್ನಿನ ತಟ್ಟೆಯನ್ನು ಅಳೆಯಿರಿ. ಮಗನ ಸಲ ನಾನು ಅಳೆಯಲಿಲ್ಲ. ಬಾಲ ಓವನ್ನಿನ ಗೋಡೆಗೆ ತಾಗಿ ಕರಕಲಾಯಿತು. ತಲೆಯಿಂದ ಬಾಲದವರೆಗೆ, ಅಂದರೆ ಶುರುವಿನಿಂದ ಕೊನೆಯವರೆಗೆ ಎಲ್ಲವೂ ಸರಿಯಾಗಿರಲಿ ಎಂಬುದೇ ಇಡೀ ಮೀನು ಇಡುವ ಅರ್ಥ. ಅದಕ್ಕೇ ಆ ದಿನ ತುಂಬಾ ಬೇಜಾರಾಗಿತ್ತು.

ಮೀನಿನ ತೂಕದ ನೂರಕ್ಕೆ ಎರಡು ಭಾಗ ಉಪ್ಪನ್ನು ಸ್ವಲ್ಪ ಎತ್ತರದಿಂದ ಎರಡೂ ಬದಿಗೆ ಸಮನಾಗಿ ಉದುರಿಸಿ. 20 ನಿಮಿಷದಲ್ಲಿ ನೀರು ಬಿಡುತ್ತದೆ, ಒರೆಸಿ ತೆಗೆಯಿರಿ. ಬಾಲ ಮತ್ತು ರೆಕ್ಕೆಗಳಿಗೆ ಕೈತುಂಬ ಉಪ್ಪು ಮೆತ್ತಿ, ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಹೀಗೆ ಮಾಡಿದರೆ ಅವು ಸುಡದೆ ನೆಟ್ಟಗೆ ನಿಲ್ಲುತ್ತವೆ. ಬಡಿಸುವಾಗ ಮೇಲಾಗಿ ಬರುವ ಬದಿಯಲ್ಲಿ ಚರ್ಮಕ್ಕೆ ಸಣ್ಣ ಗೆರೆ ಕೊಯ್ಯಿರಿ. 200 ಡಿಗ್ರಿಯಲ್ಲಿ 25 ನಿಮಿಷ ಬೇಯಿಸಿ, ಕೊನೆಗೆ ಹಾಳೆ ತೆಗೆದು ಎರಡು ಮೂರು ನಿಮಿಷ ಬಿಡಿ.

ಸಾರಿಗೆ ಹಮಾಗುರಿ ಎಂಬ ದೊಡ್ಡ ಚಿಪ್ಪಿನ ಜೀವಿ ಹಾಕುತ್ತಾರೆ. ಕರಾವಳಿಯವರಿಗೆ ಮರುವಾಯಿಯ ನೆಂಟ ಎಂದರೆ ತಟ್ಟನೆ ಅರ್ಥವಾಗುತ್ತದೆ. ಇದರ ಎರಡು ಚಿಪ್ಪು ಒಂದಕ್ಕೊಂದು ಮಾತ್ರ ಕೂಡುತ್ತವೆ, ಬೇರೆಯದರ ಚಿಪ್ಪು ಕೂಡುವುದಿಲ್ಲ. ಮಗುವಿಗೆ ಮುಂದೆ ಒಳ್ಳೆಯ ಜೋಡಿ ಸಿಗಲಿ ಎಂಬ ಆಸೆ ಅದರಲ್ಲಿದೆ. ಸಾರು ಹೀರುವ ಹಾಗೆ ಹಾಲು ಹೀರುವ ಬಲವೂ ಬರಲಿ ಎನ್ನುತ್ತಾರೆ. ಲೀಟರಿಗೆ 30 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಎರಡು ಮೂರು ಗಂಟೆ ಮುಚ್ಚಿಟ್ಟರೆ ಮರಳು ಬಿಡುತ್ತವೆ. ಕೊಂಬು ಎಂಬ ಒಣ ಕಡಲಪಾಚಿಯ ತುಂಡಿನ ಜೊತೆ ತಣ್ಣೀರಿನಿಂದಲೇ ಬೇಯಿಸಲು ಇಡಿ. ಚಿಪ್ಪು ತೆರೆದೊಡನೆ ನೊರೆ ತೆಗೆದು, ಉಪ್ಪು, ನಾಲ್ಕು ಹನಿ ಸೋಯಾ ಸಾಸ್ ಹಾಕಿ ಇಳಿಸಿ. ತೆರೆಯದ ಚಿಪ್ಪು ಎಸೆದುಬಿಡಿ.

ತರಕಾರಿಯ ಬಟ್ಟಲೇ ನನಗೆ ಎಲ್ಲಕ್ಕಿಂತ ಇಷ್ಟ. ಅದರಲ್ಲಿ ಇರುವುದೆಲ್ಲ ಮಲೆನಾಡಿನ ಹಿತ್ತಲು, ತೋಟ, ಕೆರೆ. ಕೆಸುವಿನ ಗೆಡ್ಡೆ, ಕಳಲೆ, ಸಿಹಿಗುಂಬಳ, ತಾವರೆಯ ಗೆಡ್ಡೆ, ಕ್ಯಾರೆಟ್, ಅಣಬೆ. ಒಂದು ಗೆಡ್ಡೆಯ ಸುತ್ತ ಹತ್ತಾರು ಮರಿ ಹಾಕುವ ಕೆಸು ವಂಶ ಬೆಳೆಯಲಿ ಎಂದು. ಕಳಲೆ ನೆಟ್ಟಗೆ ಬೇಗ ಬೆಳೆಯಲಿ ಎಂದು. ತಾವರೆ ಗೆಡ್ಡೆಯ ತೂತುಗಳಿಂದ ಮುಂದಿನದು ಕಾಣುತ್ತದೆ, ಹಾಗಾಗಿ ದಾರಿ ಕಾಣಲಿ ಎಂದು. ಕೆಸು ಅಥವಾ ಕುಂಬಳವನ್ನು ಆರು ಮೂಲೆಯಾಗಿ ಕೊಯ್ದರೆ ಆಮೆಯ ಚಿಪ್ಪು, ಅದು ದೀರ್ಘಾಯುಸ್ಸು. ಕ್ಯಾರೆಟ್ಟನ್ನು ಐದು ಎಸಳಿನ ಹೂವಾಗಿ ಕೊಯ್ಯುತ್ತಾರೆ.

ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಬೇಡಿ. ಕುಂಬಳ ಕರಗಿ ಉಳಿದದ್ದಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ಬೇರೆ ಬೇರೆ ಬೇಯಿಸಿ, ಸೋಯಾ ಸಾಸ್, ಮಿರಿನ್ ಎಂಬ ಅಡುಗೆಯ ಸಿಹಿ ಅಕ್ಕಿ ಮದ್ಯ, ಚೂರು ಸಕ್ಕರೆ ಹಾಕಿದ ರಸದಲ್ಲಿ ಸಣ್ಣ ಉರಿಯಲ್ಲಿ ಕುದಿಸಿ. ಹಿಂದಿನ ದಿನವೇ ಮಾಡಿಟ್ಟರೆ ರಸ ಒಳಗೆ ಇಳಿದು ರುಚಿ ಹೆಚ್ಚುತ್ತದೆ. ಉಪ್ಪಿನಕಾಯಿಯ ಜಾಗಕ್ಕೆ ಮೂಲಂಗಿ, ಕ್ಯಾರೆಟ್ ಸಣ್ಣಗೆ ಹೆಚ್ಚಿ ವಿನೆಗರ್, ಸಕ್ಕರೆ, ಉಪ್ಪು ಹಾಕಿಡಿ. ಕೆಂಪು ಬಿಳುಪು ಇಲ್ಲಿ ಶುಭದ ಬಣ್ಣ.

ಮೀನು ತಿನ್ನದ ಮನೆಯವರು

ಅಮ್ಮ ಮೀನು ಮುಟ್ಟುವುದಿಲ್ಲ. ಇಲ್ಲಿರುವ ಎಷ್ಟೋ ಕನ್ನಡ ಕುಟುಂಬಗಳದೂ ಇದೇ ಪ್ರಶ್ನೆ. ಮೀನಿನ ಜಾಗಕ್ಕೆ ತಾಯ್‌ಯಾಕಿ ಇಡಬಹುದು. ಅದು ಇದೇ ಮೀನಿನ ಆಕಾರದ, ಒಳಗೆ ಅಜುಕಿ ಹೂರಣ ಇರುವ ಸಿಹಿ. ಹೆಚ್ಚುಕಡಿಮೆ ನಮ್ಮ ಹೋಳಿಗೆಯ ಹೂರಣವೇ. ಹಿಟ್ಟಿಗೆ ಮೊಟ್ಟೆ ಹಾಕುವುದುಂಟು, ಕೇಳಿ ಕೊಳ್ಳಿ. ಸಾರನ್ನು ಕೊಂಬು ಮತ್ತು ಒಣ ಶಿತಾಕೆ ಅಣಬೆ ನೆನೆಸಿದ ನೀರಿನಿಂದ ಮಾಡಿ, ತೋಫು ತುಂಡು ಹಾಕಿ. ಇಲ್ಲಿ ಒಂದು ಎಚ್ಚರ ಬೇಕು. ಸಾರಿನ ತಿಳಿಗೆ ಹಾಕುವ ಅಂಗಡಿಯ ದಾಶಿ ಪುಡಿ, ತರಕಾರಿ ಬೇಯಿಸುವ ಸಿದ್ಧ ರಸ ಇವುಗಳಲ್ಲಿ ಹೆಚ್ಚಿನವಕ್ಕೆ ಒಣ ಮೀನು ಹಾಕಿರುತ್ತಾರೆ. ತರಕಾರಿ ಬಟ್ಟಲು ಎಂದು ನಂಬಿ ಬಡಿಸಬೇಡಿ. ಸೆಕಿಹಾನ್, ಮೂಲಂಗಿ ಹೇಗೂ ಸಸ್ಯಾಹಾರವೇ.

ಗಂಡನ ಮನೆಯವರಿಗೆ ಮೀನು ಬೇಕು, ತವರಿಗೆ ಬೇಡ ಎಂದರೆ ಎರಡನ್ನೂ ಇಡಿ. ನಮ್ಮ ಮನೆಯಲ್ಲಿ ಮಣೆಯ ಬಲಕ್ಕೆ ತಾಯ್, ಎಡಕ್ಕೆ ತಾಯ್‌ಯಾಕಿ ಇತ್ತು. ಅಮ್ಮ ತಮ್ಮ ಸರದಿಯಲ್ಲಿ ತಾಯ್‌ಯಾಕಿಯನ್ನೇ ತೋರಿಸಿದರು. ಯಾರಿಗೂ ಏನೂ ಅನ್ನಿಸಲಿಲ್ಲ.

ಮಗುವಿನ ಬಾಯಿಗೆ ಏನೂ ಹೋಗಬಾರದು

ಇದನ್ನು ಎಲ್ಲರೂ ಬರುವ ಮೊದಲೇ ಫೋನಿನಲ್ಲಿ ಹೇಳಿಬಿಡಿ. ಆ ಹೊತ್ತಿಗೆ ಹೇಳಿದರೆ ಹಿರಿಯರಿಗೆ ಬೇಜಾರಾಗುತ್ತದೆ. ಜಪಾನಿನ ಸರ್ಕಾರಿ ಮಾರ್ಗಸೂಚಿ ಮೇಲೂಟ ಶುರು ಮಾಡಲು ಹೇಳುವುದು 5ರಿಂದ 6 ತಿಂಗಳಿಗೆ. ಡಬ್ಲ್ಯುಎಚ್‌ಒ ಆರು ತಿಂಗಳವರೆಗೆ ಎದೆಹಾಲು ಮಾತ್ರ ಎನ್ನುತ್ತದೆ. ಮೂರು ತಿಂಗಳ ಮಗುವಿಗೆ ಅಂಟಕ್ಕಿಯ ಒಂದು ಅಗುಳು ಗಂಟಲಿಗೆ ಸಿಕ್ಕಿದರೂ ಅಪಾಯ. ಮೀನು, ಚಿಪ್ಪಿನ ಜೀವಿಯಿಂದ ಅಲರ್ಜಿಯೂ ಆಗಬಹುದು. ಚಾಪ್‌ಸ್ಟಿಕ್ ತುಟಿಯಿಂದ ಎರಡು ಬೆರಳು ದೂರ ನಿಂತರೆ ಸಾಕು. ಸಾರಿನ ಬಟ್ಟಲನ್ನು ಬಿಸಿ ಇರುವಾಗ ಮಗುವಿನ ಹತ್ತಿರ ತರಬೇಡಿ.

ನಮ್ಮವರಿಗೆ ಇನ್ನೊಂದು ಮಾತು. ಶಾಸ್ತ್ರ ಎಂದ ಕೂಡಲೇ ಅಜ್ಜಿಯರು ಜೇನುತುಪ್ಪದ ಬೆರಳು ಚಾಚುತ್ತಾರೆ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಅದರಿಂದ ಶಿಶುಗಳಿಗೆ ಬೊಟುಲಿಸಂ ಎಂಬ ಕಾಯಿಲೆ ಬರಬಹುದು. ಜಪಾನಿನಲ್ಲಿ 1987ರಿಂದಲೇ ಈ ಎಚ್ಚರಿಕೆ ಇದೆ. ಹಾಗಿದ್ದೂ 2017ರಲ್ಲಿ ಟೋಕಿಯೊದಲ್ಲಿ ಆರು ತಿಂಗಳ ಮಗುವೊಂದು ಹೀಗೇ ತೀರಿಕೊಂಡಿತು.

ಆ ದಿನ, ಒಂದೊಂದಾಗಿ

ಅಡುಗೆ ಮುಗಿದ ಮೇಲೆ ಮಗುವಿಗೆ ಹಾಲು ಕುಡಿಸಿ, ತೇಗಿಸಿ, ಬಟ್ಟೆ ಬದಲಾಯಿಸಿ. ಕಿಮೋನೊದಂತೆ ಕಾಣುವ ಹತ್ತಿಯ ಬಟ್ಟೆ ಸಿಗುತ್ತದೆ, ಅದು ಸಾಕು. ಗರಿಗರಿ ಬಟ್ಟೆ ಬೇಡ.

ಮಣೆಯ ಮೇಲೆ ಬಡಿಸಿ. ಮಗುವಿನ ಕಡೆಯಿಂದ ನೋಡಿದರೆ ಮುಂದೆ ಎಡಕ್ಕೆ ಅನ್ನ, ಬಲಕ್ಕೆ ಸಾರು, ನಡುವೆ ಉಪ್ಪಿನಕಾಯಿ, ಹಿಂದೆ ತರಕಾರಿ. ಮೀನು ದೊಡ್ಡದಾದರೆ ಬೇರೆ ತಟ್ಟೆಯಲ್ಲಿ ಪಕ್ಕಕ್ಕೆ. ಕಲ್ಲು ಒಂದು ಪುಟ್ಟ ಬಟ್ಟಲಿನಲ್ಲಿ.

ಫೋಟೊ ಈಗಲೇ ತೆಗೆಯಿರಿ. ಉಣ್ಣಿಸಿದ ಮೇಲೆ ತೆಗೆಯೋಣ ಎಂದರೆ ಅಷ್ಟರಲ್ಲಿ ಮಗು ಅಳುತ್ತಿರುತ್ತದೆ.

ಯಶಿನಾಯಿ ಓಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಕತ್ತು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಆಸರೆ ಬೇಕು. ಅವರಿಗೆ ಹಿಡಿಯಲು ಕಷ್ಟವಾದರೆ ತಾಯಿ ಮಗುವನ್ನು ಹಿಡಿದು ಎದುರು ಕೂರಲಿ. ಎಲ್ಲರೂ ಕೈ ಜೋಡಿಸಿ "ಇತದಕಿಮಾಸು" ಎನ್ನುತ್ತಾರೆ. ಊಟಕ್ಕೆ ಮೊದಲು ಹೇಳುವ ಮಾತು ಅದು. ನಮ್ಮಮ್ಮ ಅದರ ಜೊತೆಗೆ "ಅನ್ನಪೂರ್ಣೇ" ಎಂದು ಮೆಲ್ಲಗೆ ಸೇರಿಸಿದರು.

ಉಣ್ಣಿಸುವ ಕ್ರಮ ಹೀಗೆ: ಅನ್ನ, ಸಾರು, ಅನ್ನ, ಮೀನು, ಅನ್ನ, ಸಾರು. ಇದು ಒಂದು ಸುತ್ತು. ಹೀಗೆ ಮೂರು ಸುತ್ತು. ತರಕಾರಿಯನ್ನು ನಡುವೆ ಸೇರಿಸುವವರೂ ಇದ್ದಾರೆ. ಒಂದೊಂದು ಸಲವೂ ಮಗುವಿನ ಹೆಸರು ಹಿಡಿದು ಮಾತಾಡಿಸಿ. "ನೋಡು ಪುಟ್ಟಾ, ಇದು ಅನ್ನ" ಎಂದು ಕನ್ನಡದಲ್ಲೇ ಹೇಳಿ, ಪರವಾಗಿಲ್ಲ. ಮಗು ರಗಳೆ ಮಾಡಿದರೆ ಒಂದೇ ಸುತ್ತಿಗೆ ನಿಲ್ಲಿಸಿ. ಹಿರಿಯರೇ ಹಾಗೆ ಹೇಳುತ್ತಾರೆ.

ಕೊನೆಗೆ ಹಗತಮೆ. ಚಾಪ್‌ಸ್ಟಿಕ್‌ನ ತುದಿಯನ್ನು ಕಲ್ಲಿಗೆ ತಾಗಿಸಿ, ಅದೇ ತುದಿಯನ್ನು ಮಗುವಿನ ವಸಡಿಗೆ ಹೂವಿನಷ್ಟು ಹಗುರಾಗಿ ಮುಟ್ಟಿಸುತ್ತಾರೆ. ಇಲ್ಲಿ ಹೊಸ, ಶುಚಿಯಾದ ಇನ್ನೊಂದು ಜೋಡಿ ಚಾಪ್‌ಸ್ಟಿಕ್ ಬಳಸಿ. ಮೊದಲಿನದರಲ್ಲಿ ಮೀನಿನ, ಚಿಪ್ಪಿನ ರಸ ಅಂಟಿರುತ್ತದೆ. ವಸಡು ಮುಟ್ಟುವುದು ಬೇಡ ಎನ್ನಿಸಿದರೆ ತುಟಿಯ ಹತ್ತಿರ ತಂದರೂ ಆಯಿತು. ಕಲ್ಲನ್ನು ಮಗುವಿನ ಕೈಗೆ ಕೊಡಬೇಡಿ.

ಇಷ್ಟಕ್ಕೆಲ್ಲ ಹತ್ತು ನಿಮಿಷ. ಆಮೇಲೆ ಮಗುವನ್ನು ಮಲಗಿಸಿ, ಎಲ್ಲರೂ ಅದೇ ಊಟ ಮಾಡಿ. ಮೀನು ತಿನ್ನುವವರು ಈಜುರೆಕ್ಕೆಯ ಬುಡದಲ್ಲಿರುವ ಮೂಳೆಯನ್ನು ಜೋಪಾನವಾಗಿ ಬಿಡಿಸಿ ನೋಡಿ. ಅದು ಕಣ್ಣೂ ಬಾಲವೂ ಇರುವ ಪುಟ್ಟ ಮೀನಿನಂತೆಯೇ ಕಾಣುತ್ತದೆ. ತಾಯ್ ನೊ ತಾಯ್, ಮೀನೊಳಗಿನ ಮೀನು ಎಂದು ಹೆಸರು. ತೊಳೆದು ಒಣಗಿಸಿ ಅದೃಷ್ಟಕ್ಕೆ ಇಟ್ಟುಕೊಳ್ಳುತ್ತಾರೆ. ನಮ್ಮ ಮಾವ ಎರಡೂ ಸಲ ಹುಡುಕಿ ತೆಗೆದು, ಮಕ್ಕಳ ಹೆಸರು ಬರೆದ ಲಕೋಟೆಯಲ್ಲಿ ಹಾಕಿಕೊಟ್ಟಿದ್ದಾರೆ. ಮಿಕ್ಕ ಮೀನನ್ನು ಮಾರನೇ ದಿನ ಅಕ್ಕಿಯ ಜೊತೆ ಬೇಯಿಸಿದರೆ ತಾಯ್‌ಮೆಶಿ ಆಗುತ್ತದೆ.

ಒಂದೆರಡು ದಿನದಲ್ಲಿ ಕಲ್ಲನ್ನು ತೊಳೆದು ಒರೆಸಿ ಗುಡಿಗೆ ತೆಗೆದುಕೊಂಡು ಹೋಗಿ. ಮಗುವನ್ನೂ ಎತ್ತಿಕೊಂಡು ಹೋಗಿ. ಗುಡಿಯ ಮುಂದೆ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿ. ಆಮೇಲೆ ಕಲ್ಲನ್ನು ಎತ್ತಿದ್ದ ಜಾಗದಲ್ಲೇ ಇಟ್ಟು ಬನ್ನಿ. ನಮ್ಮ ಗುಡಿಯಲ್ಲಿ ಅದು ಕರ್ಪೂರದ ಮರದ ಬುಡ. ಮಗನ ಕಲ್ಲು ಇಟ್ಟಿದ್ದೂ ಅಲ್ಲೇ.